ಕೋವಿಡ್ ಕಾಲದಲ್ಲಿ ಐವಿಎಫ್ (ಅಂಡಾಣುವನ್ನು ದೇಹದ ಹೊರಗೆ ಫಲಿತಗೊಳಿಸಿ ಮಗು ಪಡೆಯುವ ಚಿಕಿತ್ಸೆ) ಅರ್ಧಕ್ಕೆ ನಿಂತಾಗ ದಂಪತಿಗಳಿಗೆ ಅಷ್ಟು ಸಂಕಟವಾದದ್ದೇಕೆ?

ಕೆಲವು ತಿಂಗಳು ತಡವಾದರೆ ಏನಾಯಿತು ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ. ಆದರೆ ಹೆಣ್ಣಿಗೆ ವಯಸ್ಸು 35 ದಾಟಿದ ಮೇಲೆ ಅಂಡಾಣುಗಳ ಸಂಖ್ಯೆಯೂ ಗುಣಮಟ್ಟವೂ ಬೇಗ ಇಳಿಯುತ್ತವೆ, ಹಾಗಾಗಿ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್‌ನಲ್ಲಿ 2020ರ ಏಪ್ರಿಲ್ ಮಧ್ಯದ ಹೊತ್ತಿಗೆ ಚಿಕಿತ್ಸೆ ನಿಂತುಹೋಯಿತು. ಮತ್ತೆ ತೆರೆಯಲು ಕ್ಲಿನಿಕ್‌ಗಳು ಅರ್ಜಿ ಹಾಕಬಹುದಾದದ್ದು ಮೇ 11ರಿಂದ. ಅವಧಿ ಚಿಕ್ಕದು, ನಿಜ. ಆದರೆ ಅದು ಚಿಕ್ಕದೆಂದು ಆಗ ಯಾರಿಗೆ ಗೊತ್ತಿತ್ತು? ಫ್ರಿಜ್ಜಿನಲ್ಲಿ ಹಾರ್ಮೋನ್ ಇಂಜೆಕ್ಷನ್ನುಗಳ ಡಬ್ಬಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನ, ಮುಂದಿನ ದಿನಾಂಕ ಹೇಳದ ಒಂದು ಫೋನ್ ಕರೆ. ನನ್ನ ಪ್ರಕಾರ ಹೆಚ್ಚು ಹಿಂಡಿದ್ದು ಆ ಅನಿಶ್ಚಿತತೆಯೇ. ‘ಇನ್ನೂ ಏನೂ ಕಳೆದುಕೊಂಡಿಲ್ಲವಲ್ಲ’ ಎಂಬ ಸಮಾಧಾನ (ಒಳ್ಳೆಯ ಮನಸ್ಸಿನಿಂದಲೇ ಬಂದದ್ದು) ಇನ್ನಷ್ಟು ಚುಚ್ಚಿತು. ಚಿಕಿತ್ಸೆಯನ್ನೇ ಗುಟ್ಟಾಗಿಟ್ಟವರಿಗೆ ಯಾರ ಮುಂದೂ ಅಳಲೂ ಆಗಲಿಲ್ಲ.