16 ವರ್ಷದೊಳಗಿನವರ ಏಷ್ಯಾ ಕಪ್: ವಯಸ್ಸಿನ ಲೆಕ್ಕ ಮತ್ತು ದಾಖಲೆಗಳು

ಮಾರ್ಚ್‌ನಲ್ಲಿ 16 ತುಂಬುವ ನಿಮ್ಮ ಮಗಳಿಗೆ ಅದೇ ವರ್ಷದ 16 ವರ್ಷದೊಳಗಿನವರ ಬಾಸ್ಕೆಟ್‌ಬಾಲ್ ಏಷ್ಯಾ ಕಪ್‌ನ ಅವಕಾಶ ತಪ್ಪುತ್ತದೆ ಎಂದು ತರಬೇತುದಾರರು ಹೇಳಿದ್ದಕ್ಕೆ ಕಾರಣ, ಬಹುಶಃ ವಯಸ್ಸನ್ನು ಹುಟ್ಟುಹಬ್ಬದಿಂದ ಎಣಿಸಿರುವುದು. ಕೂಟವನ್ನು ನಡೆಸುವ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಪರಿಗಣಿಸುವುದು ಹುಟ್ಟಿದ ವರ್ಷವನ್ನು: 2025ರ ಕೂಟಕ್ಕೆ 2009ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಅರ್ಹರಾಗಿದ್ದರು. ಕೂಟದ ವರ್ಷದಲ್ಲೇ 16 ತುಂಬುವವರು ಧಾರಾಳವಾಗಿ ಆಡಬಹುದು. ಮಗಳಿಗೆ ಇದನ್ನು ಇವತ್ತೇ ತಿಳಿಸಿ.

ಮಗಳ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇದೆ ಎಂದು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ; ಅದೇ ನಿಜವಾದ ತೊಡಕು. ಶಾಲೆಯ ದಾಖಲೆಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಶೆಟ್ಟಿ ಅಥವಾ ಪೂಜಾರಿ, ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು ಇರುವುದು ನಮ್ಮ ಉಡುಪಿ, ಮಂಗಳೂರಿನ ಕಡೆ ತೀರಾ ಸಾಮಾನ್ಯ. ಮೊದಲು ಜನನ ನೋಂದಣಿಯಾದ ಕಚೇರಿಯಲ್ಲಿ ಪ್ರಮಾಣಪತ್ರವನ್ನು ಸರಿಪಡಿಸಿಕೊಳ್ಳಿ, ಅದರಂತೆ ಆಧಾರ್ ತಿದ್ದಿಸಿ, ಆ ಬಳಿಕವೇ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅರ್ಜಿ ಹಾಕಿ. ಏಕೆಂದರೆ ಪಾಸ್‌ಪೋರ್ಟ್ ಇಲ್ಲದೆ ರಾಷ್ಟ್ರೀಯ ತಂಡಕ್ಕೆ ಆಡಲಾಗದು ಮತ್ತು ತಂಡದ ತರಬೇತಿ ಶಿಬಿರದ ಕರೆ ಬಂದ ಮೇಲೆ ತಿದ್ದುಪಡಿಗೆ ಸಮಯ ಉಳಿಯುವುದಿಲ್ಲ.

ತರಬೇತುದಾರರು ರಾಜ್ಯ ತಂಡದ ಆಯ್ಕೆಯ ಬಗ್ಗೆ ಹೇಳಿದ್ದರೋ ಎಂಬುದು ನಿಮ್ಮ ಪ್ರಶ್ನೆಯಿಂದ ಸ್ಪಷ್ಟವಾಗಲಿಲ್ಲ. ಹಾಗಿದ್ದರೆ ಈ ವರ್ಷದ ಆಯ್ಕೆಯ ಸುತ್ತೋಲೆಯ ಪ್ರತಿಯನ್ನೇ ಕೇಳಿ ಪಡೆದು, ಅದರಲ್ಲಿರುವ ಜನ್ಮದಿನಾಂಕದ ಮಿತಿಯನ್ನು ನೋಡಿ. ಶಾಲಾ ಕ್ರೀಡಾಕೂಟದ 14, 17, 19 ವರ್ಷದೊಳಗಿನವರ ವಿಭಾಗಗಳನ್ನು ಇದರೊಂದಿಗೆ ಬೆರೆಸಬೇಡಿ.