ಆಟ ಡೇರೆ ಬದಲಿಸಿದಾಗ

ಓದುಗರ ಪ್ರಶ್ನೆ, ಶಿರಸಿಯಿಂದ ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಮ್ಮೂರು ಅಂಕೋಲೆ ಹತ್ತಿರ. ಕೆಲಸ ಕಾರವಾರದಲ್ಲಿ. ನಾಲ್ಕು ವರ್ಷದಿಂದ ಕಂಪ್ಯೂಟರ್‌ನಲ್ಲಿ ಒಂದೇ ಆನ್‌ಲೈನ್ ಗೇಮ್ ಆಡುತ್ತಿದ್ದೇನೆ. ಕಳೆದ ವಾರ ಒಂದು ಮೇಲ್ ಬಂತು. ಗೇಮ್ ಮಾಡಿದ ಕಂಪನಿ ತನ್ನ ಪಬ್ಲಿಷರ್‌ನಿಂದ ಬೇರೆ ಆಗಿದೆಯಂತೆ. ಇನ್ನು ಮೂರು ತಿಂಗಳಲ್ಲಿ ಗೇಮ್ ಬೇರೆ ಪ್ಲಾಟ್‌ಫಾರ್ಮ್‌ಗೆ ಹೋಗುತ್ತದಂತೆ. ನಾನು ಆಡಿ ಗಳಿಸಿದ್ದು, ದುಡ್ಡು ಕೊಟ್ಟು ತಗೊಂಡದ್ದು ಎಲ್ಲ ಹೋಗುತ್ತಾ? ಇಲ್ಲಿಯವರೆಗೆ ಹನ್ನೊಂದು ಸಾವಿರ ಹಾಕಿದ್ದೇನೆ. ಅಪ್ಪನಿಗೆ ಹೇಳಿದರೆ, ‘ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು, ಮರೆತುಬಿಡು’ ಅಂದರು.

ಉತ್ತರ: ತಮ್ಮಾ, ಅಪ್ಪನ ಮಾತಿಗೆ ಬೇಜಾರಾಗಬೇಡ. ಆದರೆ ಮರೆಯಲೂ ಬೇಡ. ಮೂರು ತಿಂಗಳು ಮೊದಲೇ ತಿಳಿಸಿದ್ದಾರೆ ಅಂದರೆ ಸಾಮಾನು ಸಾಗಿಸಲು ಏನೋ ದಾರಿ ಇಟ್ಟಿರುವ ಸಾಧ್ಯತೆಯೇ ಜಾಸ್ತಿ. ಆ ಮೇಲ್ ಕೊನೆಯವರೆಗೆ ಓದಿದೆಯಾ? ನಿನ್ನ ಪತ್ರ ನೋಡಿದರೆ ಮೊದಲ ಎರಡು ಸಾಲಿಗೇ ಗಾಬರಿಯಾದ ಹಾಗಿದೆ. ಇವತ್ತು ಇನ್ನೊಮ್ಮೆ ನಿಧಾನಕ್ಕೆ ಓದು.

ನಮ್ಮ ಕಡೆ ಆಟ ಅಂದರೆ ಮೊದಲು ಯಕ್ಷಗಾನ ಅಲ್ವಾ? ಡೇರೆ ಮೇಳವನ್ನೇ ನೆನಪು ಮಾಡಿಕೊ. ಭಾಗವತರು, ವೇಷಧಾರಿಗಳು ಆಟ ಕಟ್ಟುವವರು. ಗೇಮ್‌ನಲ್ಲಿ ಅವರು ಡೆವಲಪರ್. ದುಡ್ಡು ಹಾಕಿ, ಪ್ರಚಾರ ಮಾಡಿ, ಲಾರಿ, ಜನರೇಟರ್ ಹೊಂದಿಸುವ ಯಜಮಾನರು ಪಬ್ಲಿಷರ್. ಟಿಕೆಟ್ ಕೊಟ್ಟು ಒಳಗೆ ಬಿಡುವ ಡೇರೆ ಅಂದರೆ ಪ್ಲಾಟ್‌ಫಾರ್ಮ್. ಈಗ ಭಾಗವತರು ಯಜಮಾನರಿಂದ ಬೇರೆ ಆದರು ಅಂತಿಟ್ಟುಕೊ. ಹೊಸ ಪ್ರಸಂಗದ ಹಕ್ಕು ಯಾರ ಹತ್ತಿರ ಇದೆ ಅನ್ನುವುದೇ ಮೊದಲ ಪ್ರಶ್ನೆ.

ಅಮೆರಿಕದ ಬಂಗಿ ಅನ್ನುವ ಗೇಮ್ ಕಂಪನಿಗೆ ಇದು ಎರಡು ಸಲ ಆಯಿತು. ಎರಡು ಸಲವೂ ಬೇರೆ ಬೇರೆ ರೀತಿ. ಮೊದಲು ಅದು ಮೈಕ್ರೋಸಾಫ್ಟ್ ಒಡೆತನದಲ್ಲಿತ್ತು. 2001ರಲ್ಲಿ ಹೊರಬಂದ ‘ಹೇಲೋ’ ಗೇಮ್ ಅದರದ್ದೇ ಕೈಕೆಲಸ. 2007ರಲ್ಲಿ ಬಂಗಿ ಹೊರಗೆ ಬಂತು, ಹೇಲೋ ಮಾತ್ರ ಮೈಕ್ರೋಸಾಫ್ಟ್ ಹತ್ತಿರವೇ ಉಳಿಯಿತು. ಆಮೇಲೆ 2010ರಲ್ಲಿ ಆಕ್ಟಿವಿಷನ್ ಅನ್ನುವ ದೊಡ್ಡ ಪಬ್ಲಿಷರ್ ಜೊತೆ ಹತ್ತು ವರ್ಷದ ಒಪ್ಪಂದ ಮಾಡಿಕೊಂಡಿತು. ಈ ಸಲ ತಾನು ಕಟ್ಟುವ ‘ಡೆಸ್ಟಿನಿ’ ತನ್ನದೇ ಆಗಿರುವ ಹಾಗೆ ನೋಡಿಕೊಂಡಿತು. ಒಪ್ಪಂದ ಮುಗಿಯುವ ಮೊದಲೇ, 2019ರ ಜನವರಿ 10ರಂದು, ಇಬ್ಬರೂ ಬೇರೆಯಾಗುವುದಾಗಿ ತಿಳಿಸಿದರು. ಪ್ರಕಟಿಸುವ ಹಕ್ಕೂ ಬಂಗಿಯ ಕೈಗೇ ಬಂತು.

ಆದರೆ ಡೇರೆ ಯಜಮಾನರ ಕಡೆಯದು. ಕಂಪ್ಯೂಟರ್‌ನಲ್ಲಿ ಡೆಸ್ಟಿನಿ 2 ಬಂದದ್ದು 2017ರ ಅಕ್ಟೋಬರ್ 24ಕ್ಕೆ, ಬ್ಯಾಟಲ್.ನೆಟ್ ಅನ್ನುವ ಪ್ಲಾಟ್‌ಫಾರ್ಮ್‌ನಲ್ಲಿ. ಬ್ಯಾಟಲ್.ನೆಟ್ ಆಕ್ಟಿವಿಷನ್‌ನ ಸೋದರ ಕಂಪನಿ ಬ್ಲಿಜಾರ್ಡ್‌ನದ್ದು. ಬ್ಲಿಜಾರ್ಡ್ ತಾನು ಮಾಡದ ಗೇಮ್ ಒಂದನ್ನು ಅಲ್ಲಿ ಬಿಟ್ಟದ್ದೇ ಅದು ಮೊದಲ ಸಲ. ನಂಟು ಮುರಿದ ಮೇಲೆ ಆಟ ಅಲ್ಲಿರುವುದು ಹೇಗೆ? 2019ರ ಅಕ್ಟೋಬರ್ 1ರಿಂದ ಅದು ವಾಲ್ವ್ ಕಂಪನಿಯ ಸ್ಟೀಮ್ ಅನ್ನುವ ಡೇರೆಗೆ ಬಂತು.

ಆ ವರ್ಷ ನಾನೂ ನಿನ್ನ ಜಾಗದಲ್ಲೇ ಇದ್ದೆ. ಶಿರಸಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಶನಿವಾರ ಬಾಗಿಲು ಹಾಕಿದ ಮೇಲೆ ರಾತ್ರಿ ಒಂಬತ್ತರಿಂದ ಡೆಸ್ಟಿನಿ 2. ಅದರಲ್ಲಿ ಆರು ಜನ ಸೇರಿ ಆಡುವ ರೇಡ್ ಇದೆ. ನಮ್ಮ ಆರು ಜನರಲ್ಲಿ ಮಂಗಳೂರಿಂದ ನನ್ನ ತಮ್ಮ, ಕಾರವಾರದ ಒಬ್ಬ, ಪುಣೆಯ ಇಬ್ಬರು, ಗುವಾಹಟಿಯ ಒಬ್ಬ.

ಆ ಆಗಸ್ಟ್ ನಿನಗೂ ನೆನಪಿರಬಹುದು. ಗಂಗಾವಳಿ, ಕಾಳಿ ಎರಡೂ ಉಕ್ಕಿದ್ದವು. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾರವಾರದ ಗೆಳೆಯನ ಮನೆಯೊಳಗೆ ಮೊಣಕಾಲು ಮಟ್ಟ ನೀರು. ಕಂಪ್ಯೂಟರನ್ನು ಅಟ್ಟಕ್ಕೆ ಏರಿಸಿ ಉಳಿಸಿಕೊಂಡಿದ್ದ. ಹಳೆ ಖಾತೆಯನ್ನು ಹೊಸ ಖಾತೆಗೆ ಜೋಡಿಸಲು ಬಂಗಿ ತನ್ನ ಸೈಟ್‌ನಲ್ಲಿ ಅವಕಾಶ ಕೊಟ್ಟದ್ದೂ ಅದೇ ತಿಂಗಳು. ಮಳೆ ಕಡಿಮೆಯಾದ ಮೇಲೆ ಅವನು ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದ. ಪಾಸ್‌ವರ್ಡ್ ಬರೆದಿಟ್ಟ ಸಣ್ಣ ಪುಸ್ತಕ ನೆರೆ ನೀರಲ್ಲಿ ನೆನೆದು, ಒಣಗಿ, ಹಾಳೆಗೆ ಹಾಳೆ ಅಂಟಿ ಹಪ್ಪಳದಂತಾಗಿತ್ತು. ಬ್ಲೇಡು ತಗೊಂಡು ಒಂದೊಂದೇ ಹಾಳೆ ಬಿಡಿಸಿದೆವು. ಶಾಯಿ ಹರಡಿ ಒಂದು ಕಡೆ ಎಂಟೋ ಮೂರೋ ಗೊತ್ತಾಗುತ್ತಿರಲಿಲ್ಲ. ನಾಲ್ಕನೇ ಸಲಕ್ಕೆ ಖಾತೆ ತೆರೆಯಿತು. ಇಬ್ಬರೂ ಎದ್ದು ಹೋಗಿ ಚಹಾ ಕುಡಿದು ಬಂದೆವು.

ಅಕ್ಟೋಬರ್ 1 ನವರಾತ್ರಿಯ ಮೂರನೇ ದಿನ. ಇಡೀ ಗೇಮನ್ನು ಸ್ಟೀಮ್‌ನಿಂದ ಮತ್ತೆ ಇಳಿಸಿಕೊಳ್ಳಬೇಕಿತ್ತು. ನಮ್ಮ ಅಂಗಡಿಯ ಇಂಟರ್ನೆಟ್‌ಗೆ ಅದು ದೊಡ್ಡ ಹೊರೆ. ರಾತ್ರಿಯಿಡೀ ಹಾಕಿಟ್ಟೆ, ನಡುವೆ ಕರೆಂಟ್ ಹೋಯಿತು, ಮತ್ತೆ ಹಾಕಿದೆ. ಕೊನೆಗೂ ಒಳಗೆ ಹೋದರೆ ನನ್ನ ಪಾತ್ರ ಹಾಗೇ ನಿಂತಿತ್ತು. ಅದೇ ಹೊದಿಕೆ, ಅದೇ ಬಂದೂಕು. 2018ರಲ್ಲಿ ದುಡ್ಡು ಕೊಟ್ಟು ತಗೊಂಡ ‘ಫರ್ಸೇಕನ್’ ಭಾಗವೂ ಇತ್ತು. ಮತ್ತೆ ಒಂದು ಪೈಸೆ ಕೇಳಲಿಲ್ಲ. ಯಾಕೆಂದರೆ ಪಾತ್ರಗಳ ಲೆಕ್ಕ ಮೊದಲಿನಿಂದಲೂ ಇದ್ದದ್ದು ಬಂಗಿಯ ಸರ್ವರ್‌ನಲ್ಲಿ. ಬ್ಯಾಟಲ್.ನೆಟ್ ಟಿಕೆಟ್ ಕೊಡುವ, ಒಳಗೆ ಬಿಡುವ ಬಾಗಿಲು ಅಷ್ಟೇ.

ಗೆಳೆಯರ ಪಟ್ಟಿ ಮಾತ್ರ ಖಾಲಿ. ಅದು ಬಾಗಿಲಿನವರ ಪುಸ್ತಕದಲ್ಲಿತ್ತು. ಬಾಗಿಲು ಬದಲಾದಾಗ ಪುಸ್ತಕ ಅಲ್ಲೇ ಉಳಿಯಿತು.

ತಮ್ಮನ ನಂಬರ್ ಇತ್ತು. ಕಾರವಾರದವನದ್ದೂ ಇತ್ತು. ಪುಣೆಯವರು ಎರಡೇ ದಿನದಲ್ಲಿ ಸಿಕ್ಕರು. ಗುವಾಹಟಿಯವನು ಸಿಗಲಿಲ್ಲ. ಒಂದೂವರೆ ವರ್ಷ ಪ್ರತಿ ಶನಿವಾರ ಜೊತೆಗೆ ಆಡಿದವನು, ಅವನ ನಿಜವಾದ ಹೆಸರೇ ನನಗೆ ಗೊತ್ತಿರಲಿಲ್ಲ. ಒಂದು ಜುಲೈ ರಾತ್ರಿ ಹೆಡ್‌ಫೋನ್‌ನಲ್ಲಿ ಕೇಳಿದ್ದ, ‘ದೀದಿ, ನಿಮ್ಮಲ್ಲಿ ಏನದು ಸದ್ದು, ಯಂತ್ರ ಓಡ್ತಿದೆಯಾ?’ ಅಂತ. ಅಂಗಡಿಯ ತಗಡಿನ ಮೇಲೆ ಬೀಳುತ್ತಿದ್ದ ಮಳೆ ಅದು. ನಾನು ಮೈಕನ್ನು ಮೇಲೆ ಎತ್ತಿ ಹಿಡಿದೆ. ಐದೂ ಜನ ಆಡುವುದು ಬಿಟ್ಟು ಸುಮ್ನೆ ಕೇಳುತ್ತಾ ಕೂತರು. ಸ್ಟೀಮ್‌ಗೆ ಬಂದ ಮೇಲೆ ಎಷ್ಟೋ ಸಲ ಹಳೆ ಬ್ಯಾಟಲ್.ನೆಟ್ ತೆರೆದು ಅವನಿಗೆ ಬರೆದೆ. ಅವನ ಹೆಸರಿನ ಮುಂದೆ ಆಫ್‌ಲೈನ್ ಅಂತಲೇ ಇರುತ್ತದೆ. ಈಗಲೂ ಆಗಾಗ ನೋಡುತ್ತೇನೆ.

ಅದಕ್ಕೇ ನಿನಗೆ ಹೇಳುವುದು. ಇವತ್ತು ರಾತ್ರಿ ಆಡಲು ಕೂತಾಗ ಮೊದಲು ಗೆಳೆಯರ ಪಟ್ಟಿ ತೆರೆದು ಒಬ್ಬೊಬ್ಬರ ಹೆಸರನ್ನೂ ಕಾಗದದಲ್ಲಿ ಬರೆದುಕೊ. ಅವರನ್ನೇ ಕೇಳಿ ಫೋನ್ ನಂಬರೋ ಮೇಲೋ ತಗೋ. ಮೇಲ್ ಬಂದ ಕ್ಷಣ ಎಲ್ಲರೂ ಖಾತೆ, ಬಂದೂಕು, ದುಡ್ಡು ಅಂತ ಓಡುತ್ತಾರೆ. ಅವನ್ನು ಸಾಗಿಸಲು ಕಂಪನಿಗೂ ಆಸಕ್ತಿ ಇರುತ್ತದೆ, ನೀನು ಮುಂದೆಯೂ ಗಿರಾಕಿಯಾಗಿ ಬೇಕಲ್ಲ. ಗೆಳೆಯರನ್ನು ಯಾರೂ ಸಾಗಿಸಿ ಕೊಡುವುದಿಲ್ಲ.

ಖಾತೆ ಜೋಡಿಸುವುದು ಕಷ್ಟದ್ದಲ್ಲ, ಹತ್ತು ನಿಮಿಷದ ಕೆಲಸ. ಆದರೆ ಹಳೆ ಖಾತೆಯಲ್ಲಿರುವ ಫೋನ್ ನಂಬರ್ ಈಗಲೂ ನಿನ್ನ ಕೈಯಲ್ಲಿದೆಯಾ ನೋಡು. ಒಟಿಪಿ ಅದಕ್ಕೇ ಬರುವುದು. ಎಷ್ಟೋ ಹುಡುಗರು ರೀಚಾರ್ಜ್ ಆಫರ್ ನೋಡಿ ಸಿಮ್ ಬದಲಿಸಿ, ಆಮೇಲೆ ನನ್ನ ಅಂಗಡಿಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡ. ಗೇಮ್ ಕಂಪನಿಯ ಸೈಟ್‌ಗೆ ನೀನೇ ಹೋಗಿ ಲಾಗಿನ್ ಆಗು. ಇಂಥ ಸಮಯ ನೋಡಿಕೊಂಡೇ ಕಳ್ಳ ಮೇಲ್‌ಗಳು ಬರುತ್ತವೆ. ಕೊನೇ ದಿನದವರೆಗೆ ಕಾಯಬೇಡ. ಬಿಲ್‌ಗಳ ಸ್ಕ್ರೀನ್‌ಶಾಟ್ ತೆಗೆದಿಡು. ಆಟದೊಳಗೆ ಇನ್ನೂ ಖರ್ಚಾಗದ ನಾಣ್ಯ ಇದ್ದರೆ, ಅದೂ ಬರುತ್ತದೆ ಅಂತ ಸೂಚನೆಯಲ್ಲಿ ಬರೆದಿದೆಯಾ ಓದು. ಡೆಸ್ಟಿನಿಯಲ್ಲಿ ಬಂದಿತ್ತು. ಬರೆದಿಲ್ಲದಿದ್ದರೆ ಕಂಪನಿಗೆ ಬರೆದು ಕೇಳು.

ಅಪ್ಪನಿಗೆ ಇಷ್ಟು ಹೇಳು: ಹನ್ನೊಂದು ಸಾವಿರಕ್ಕೆ ಸಿಕ್ಕಿದ್ದು ಆಡುವ ಅನುಮತಿ, ಕಪಾಟಿನಲ್ಲಿಡುವ ವಸ್ತುವಲ್ಲ. ಅವರ ಚಿಂತೆ ಸುಳ್ಳಲ್ಲ. ಆದರೆ ನಾಲ್ಕು ವರ್ಷ ಸಂಜೆ ಮನೆಯಲ್ಲೇ ಕೂತು ಯಾರ ಜೊತೆ ಆಡಿದೆ, ಏನು ಮಾತಾಡಿದಿರಿ ಅಂತ ಅವರಿಗೆ ಒಂದು ದಿನ ತೋರಿಸು. ನನ್ನ ಅಪ್ಪನೂ ಹಿಂದೆ ಕುರ್ಚಿ ಹಾಕಿಕೊಂಡು ಕೂತು ನೋಡಿದ ಮೇಲೆ ಬೈಯುವುದು ಬಿಟ್ಟರು.

ಪ್ರಶ್ನೆ: ಮಗ ನನ್ನ ಮೊಬೈಲ್‌ನಲ್ಲಿ ಗೇಮ್ ಆಡುತ್ತಾನೆ. ‘ಗೆಸ್ಟ್’ ಅಂತ ಒತ್ತಿ ಒಳಗೆ ಹೋಗುತ್ತಾನೆ. ಈಗ ಹೊಸ ಫೋನ್ ತಗೋಬೇಕು. ಎಲ್ಲ ಹೋಗುತ್ತೆ ಅಂತ ಅಳುತ್ತಿದ್ದಾನೆ. – ಕುಮಟೆಯ ಶಾಲೆಯೊಂದರ ಅಕ್ಕೋರು

ಉತ್ತರ: ಅಕ್ಕೋರೇ, ಹಳೆ ಫೋನ್ ಯಾರಿಗೂ ಕೊಡುವ ಮೊದಲು ಆ ಗೆಸ್ಟ್ ಆಟವನ್ನು ನಿಮ್ಮ ಇಮೇಲ್ ಖಾತೆಗೆ ಜೋಡಿಸಿ. ಸಾಮಾನ್ಯವಾಗಿ ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಜಾಗ ಇರುತ್ತದೆ. ಗೆಸ್ಟ್ ಅಂದರೆ ಹೆಸರು ಹೇಳದೆ ಬಂದ ನೆಂಟ. ಹೊಸ ಫೋನ್‌ನಲ್ಲಿ ಅವನ ಗುರುತು ಹಿಡಿಯುವವರು ಯಾರು?

ಪಬ್ಜಿ ಮೊಬೈಲ್ ನೆನಪಿದೆಯಲ್ಲ? 2020ರ ಸೆಪ್ಟೆಂಬರ್ 2ರಂದು ಸರ್ಕಾರ ಅದನ್ನು ನಿಷೇಧಿಸಿತು. ವಾರದೊಳಗೆ ಕೊರಿಯಾದ ಮೂಲ ಕಂಪನಿ ಚೀನಾದ ಟೆನ್ಸೆಂಟ್‌ನಿಂದ ಭಾರತದ ಪ್ರಕಟಣೆಯ ಹಕ್ಕು ಹಿಂದಕ್ಕೆ ತಗೊಂಡಿತು. 2021ರ ಜುಲೈ 2ಕ್ಕೆ ಅದೇ ಆಟ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅಂತ ಹೊಸ ಹೆಸರಲ್ಲಿ ಬಂತು. ಫೇಸ್‌ಬುಕ್, ಟ್ವಿಟರ್ ಖಾತೆಯಿಂದ ಆಡುತ್ತಿದ್ದವರು ಹಳೆಯದನ್ನು ಹೊಸದಕ್ಕೆ ತಂದುಕೊಂಡರು. ಅದಕ್ಕೂ 2021ರ ಡಿಸೆಂಬರ್ 31ರ ಗಡುವು ಇತ್ತು. ನಿಮ್ಮ ಮಗನಿಗೆ ಗಡುವು ಹಳೆ ಫೋನ್ ಕೈಯಲ್ಲಿರುವವರೆಗೆ. ಇವತ್ತೇ ಮಾಡಿಬಿಡಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ಪ್ರಶ್ನೆ: ಕಂಪನಿಯನ್ನು ಬೇರೆಯವರು ಕೊಂಡರೆ ಪ್ರತಿ ಸಲವೂ ಗೇಮ್ ಜಾಗ ಬದಲಿಸುತ್ತದೆಯೇ? – ಯಲ್ಲಾಪುರದ ಪಿಯುಸಿ ವಿದ್ಯಾರ್ಥಿನಿ

ಉತ್ತರ: ಇಲ್ಲ ಪುಟ್ಟಿ. 2022ರಲ್ಲಿ ಸೋನಿ ಬಂಗಿಯನ್ನೇ ಕೊಂಡುಕೊಂಡಿತು. ಆದರೂ ಡೆಸ್ಟಿನಿ 2 ಸ್ಟೀಮ್ ಬಿಟ್ಟು ಹೋಗಲಿಲ್ಲ. ಕೆಲವೊಮ್ಮೆ ಡೇರೆಯೇ ಮುಚ್ಚುತ್ತದೆ. ಗೂಗಲ್‌ನ ಸ್ಟೇಡಿಯಾ 2023ರ ಜನವರಿಯಲ್ಲಿ ಮುಚ್ಚಿತು. ಡೆಸ್ಟಿನಿ 2 ಅಲ್ಲೂ ಇತ್ತು. ಅಲ್ಲಿನ ಪಾತ್ರವನ್ನು ಮೊದಲೇ ಬೇರೆ ಕಡೆಯ ಖಾತೆಗೂ ಜೋಡಿಸಿಟ್ಟವರು ಅದೇ ಪಾತ್ರದಲ್ಲಿ ಆಟ ಮುಂದುವರಿಸಿದರು.