ಖಾಲಿ ರೂಮಿಗೆ ಬರುವ ಹುಡುಗನಿಗೆ ಅಮ್ಮ ಇದ್ದಾರೆ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಇಂಗ್ಲೆಂಡಿನ ಲೀಡ್ಸಿಗೆ ಬಂದು ಎರಡು ವರ್ಷ ಆಯ್ತು, ಮನೆಯಲ್ಲಿ ಒಂದು ರೂಮು ಖಾಲಿ ಇದೆ, ಒಂಟಿಯಾಗಿ ಬಂದ ನಿರಾಶ್ರಿತ ಮಗುವನ್ನು ಫಾಸ್ಟರ್ ಮಾಡಬಹುದಾ (ಅಂದರೆ ದತ್ತು ತೆಗೆದುಕೊಳ್ಳದೆ ಮನೆಯಲ್ಲಿಟ್ಟು ನೋಡಿಕೊಳ್ಳಬಹುದಾ), ಸಸ್ಯಾಹಾರಿಗಳಿಗೆ ಕೊಡುತ್ತಾರಾ, ಮಗು ನಮ್ಮನ್ನು ಹಚ್ಚಿಕೊಳ್ಳುತ್ತಾ ಅಂತ ಕೇಳಿದ್ದೀರಿ. ನಮ್ಮವರೊಬ್ಬರು ಇದನ್ನು ಕೇಳಿದ್ದೇ ನನಗೆ ಹೆಮ್ಮೆ.

ಬ್ರಿಟಿಷ್ ಪಾಸ್‌ಪೋರ್ಟ್ ಬೇಕಂತಿಲ್ಲ. ವೀಸಾ ವಿಷಯ ನಿಮ್ಮ ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲನ್ನೇ ಕೇಳಿ. ಹುಡುಗನಿಗೆ ಅವನದೇ ರೂಮು ಇರಬೇಕು. ಪೊಲೀಸ್ ದಾಖಲೆ, ಡಾಕ್ಟರ್ ವರದಿ, ತರಬೇತಿ, ಕೊನೆಗೆ ಅರ್ಜಿ ಪರಿಶೀಲಿಸುವ ಸಮಿತಿ (ಪ್ಯಾನೆಲ್), ಎಲ್ಲ ಸೇರಿ ಸುಮಾರು ಆರು ತಿಂಗಳು ಹಿಡಿಯುತ್ತದೆ. ಸೋಷಿಯಲ್ ವರ್ಕರ್ ನಿಮ್ಮ ಬಾಲ್ಯ, ಮದುವೆ, ಜಗಳ ಎಲ್ಲಾ ಕೆದಕಿ ಕೇಳುತ್ತಾರೆ, ಬೇಜಾರಾಗಬೇಡಿ. ಭತ್ಯೆ ಕೊಡುತ್ತಾರೆ, ಅದನ್ನು ನೆಚ್ಚಿಕೊಂಡು ಮನೆ ಸಾಲದ ಲೆಕ್ಕ ಹಾಕಬೇಡಿ. ಸಸ್ಯಾಹಾರ ದೊಡ್ಡ ವಿಷಯವಲ್ಲ.

ಚಿಕ್ಕ ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಹೆಚ್ಚಿನವರು 16-17ರ ಹುಡುಗರು. ನಮ್ಮ ಮನೆಗೆ ಬಂದವನು ಸುಡಾನಿನ ದಾರ್ಫುರ್ ಕಡೆಯವನು, ಹೆಸರು ಹೇಳುವ ಹಾಗಿಲ್ಲ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾದ ಮೇಲೆ ಊರು ಬಿಟ್ಟು, ಲಿಬಿಯಾ ದಾಟಿ, ಕೊನೆಗೆ ಸಣ್ಣ ದೋಣಿಯಲ್ಲಿ ಇಂಗ್ಲೆಂಡಿನ ಕರಾವಳಿಯ ಡೋವರ್‌ಗೆ ಬಂದಿದ್ದ. ಅಲ್ಲಿ ಇಳಿದವರನ್ನೆಲ್ಲ ಆ ಭಾಗದ ಕೆಂಟ್ ಕೌನ್ಸಿಲ್ ಒಂದೇ ನೋಡಿಕೊಳ್ಳಲು ಆಗುವುದಿಲ್ಲ, ಬೇರೆ ಕೌನ್ಸಿಲ್‌ಗಳಿಗೂ ಹಂಚುತ್ತಾರೆ. 2021ರಿಂದ ಹೋಮ್ ಆಫೀಸ್ (ಇಲ್ಲಿನ ಗೃಹ ಇಲಾಖೆ) ಇಂಥ ಎಷ್ಟೋ ಮಕ್ಕಳನ್ನು ಹೋಟೆಲುಗಳಲ್ಲಿ ಇಟ್ಟಿತ್ತು. ಎಷ್ಟೋ ಮಕ್ಕಳು ಅಲ್ಲಿಂದ ಕಾಣೆಯಾದರು. ಹಾಗೆ ಮಾಮೂಲಾಗಿ ಇಡುವುದು ಕಾನೂನಿಗೆ ವಿರುದ್ಧ ಅಂತ 2023ರಲ್ಲಿ ಹೈಕೋರ್ಟ್ ಹೇಳಿತು. ನಿಮ್ಮ ಖಾಲಿ ರೂಮಿನ ಬೆಲೆ ಇದರಿಂದ ತಿಳಿಯುತ್ತದೆ.

ಮೊದಮೊದಲು ಅವನು ಬ್ರೆಡ್ ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ನಾನು ವಿಜಯಪುರದ ಕಡೆಯವಳು. ಒಂದು ಸಂಜೆ ರೊಟ್ಟಿ ಬಡಿಯುವಾಗ ಅಡುಗೆಮನೆಗೆ ಬಂದು ಚಿಟಿಕೆ ಹಿಟ್ಟು ತೆಗೆದು ಮೂಸಿದ. ಜೋಳ ಅವನಿಗೂ ಮನೆಯ ಅನ್ನ! ಅವರ ಕಡೆ ಜೋಳದ ಹಿಟ್ಟನ್ನು ಹುಳಿ ಬರಿಸಿ ತೆಳ್ಳಗೆ ಕಿಸ್ರಾ ಹುಯ್ಯುತ್ತಾರೆ, ನಮ್ಮ ಮುದ್ದೆಯಂಥ ಅಸೀದಾ ತಿರುವುತ್ತಾರೆ. ಮರುದಿನ ಫೋನನ್ನು ಗೋಡೆಗೆ ಒರಗಿಸಿಕೊಂಡು ತಾನೇ ಅಸೀದಾ ಮಾಡಿದ. ಫೋನಿನಲ್ಲಿ ಅವನಮ್ಮ. ಚಾಡ್ ದೇಶದ ಅದ್ರೆಯಲ್ಲಿ, ನಿರಾಶ್ರಿತರ ಕ್ಯಾಂಪಿನಲ್ಲಿದ್ದಾರೆ. ನೀರು ಸಾಲದು, ಇನ್ನಷ್ಟು ಹಾಕು ಅಂತ ಕೈಯಲ್ಲೇ ತೋರಿಸುತ್ತಿದ್ದರು.

ಹುಡುಗ ಹಚ್ಚಿಕೊಳ್ಳುತ್ತಾನೆ ತಂಗಿ. ಆದರೆ ಇದು ದತ್ತು ಅಲ್ಲ, ಅಮ್ಮನ ಜಾಗ ಖಾಲಿ ಇರುವುದಿಲ್ಲ. ನಿರಾಶ್ರಿತ ಅಂತ ಒಪ್ಪಿಗೆ ಸಿಕ್ಕರೆ ಅಮ್ಮನನ್ನು ಕರೆಸಿಕೊಳ್ಳಬಹುದು ಅಂತ ಅವನು ನಂಬಿಕೊಂಡಿದ್ದ. ಈ ದೇಶದ ನಿಯಮದಲ್ಲಿ ಮಕ್ಕಳಿಗೆ ಆ ಹಕ್ಕೇ ಇಲ್ಲ. ವಕೀಲರು ಹೇಳಿದ್ದನ್ನು ಇಂಟರ್‌ಪ್ರಿಟರ್ ಎರಡು ಸಲ ಹೇಳಬೇಕಾಯಿತು. ಆಮೇಲೆ ಎಷ್ಟೋ ದಿನ ಅಮ್ಮನ ಫೋನ್ ಬಂದರೂ ಅವನು ಎತ್ತಲಿಲ್ಲ. ಏನು ಹೇಳಿಯಾನು?

ನಾನು 2004ರಲ್ಲಿ ಇಲ್ಲಿಗೆ ಬಂದಾಗ ಫೋನ್ ಕಾರ್ಡ್ ಕೊಂಡು ಊರಿಗೆ ಮಾತಾಡಿ, ಇಟ್ಟ ಮೇಲೆ ಅಳುತ್ತಿದ್ದೆ. ಆದರೂ ನನ್ನ ಬಾಣಂತನಕ್ಕೆ ಅವ್ವ ಅಂಟಿನುಂಡಿ ಕಟ್ಟಿಕೊಂಡು ವೀಸಾ ಮೇಲೆ ಬಂದಳು. ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತಾದದ್ದು ಈ ಹುಡುಗನ ಮುಖ ನೋಡಿದ ದಿನ.

ಒಂದು ಕೊರಗು ಉಳಿದಿದೆ. ಆ ತಾಯಿಗೂ ನನಗೂ ಸಲಾಂ, ನಗು ಬಿಟ್ಟರೆ ಮಾತೇ ಇರಲಿಲ್ಲ. ಮಗ ನಮಾಜು ಮಾಡುತ್ತಾನಾ, ಸ್ನೇಹಿತರು ಎಂಥವರು, ರಾತ್ರಿ ನಿದ್ದೆ ಮಾಡುತ್ತಾನಾ ಅಂತ ಯಾವ ತಾಯಿ ಕೇಳುವುದಿಲ್ಲ? ಕೇಳಲು ಅವರಿಗೆ ದಾರಿಯೇ ಇರಲಿಲ್ಲ. ಹುಡುಗ ಬಂದ ಮೊದಲ ಸಭೆಯಲ್ಲೇ ನೀವು ಸೋಷಿಯಲ್ ವರ್ಕರನ್ನು ಕೇಳಿ: ಹುಡುಗ ಒಪ್ಪಿದರೆ, ಅಪಾಯ ಇಲ್ಲ ಅಂದರೆ, ಇಂಟರ್‌ಪ್ರಿಟರ್ ಇಟ್ಟುಕೊಂಡು ಅವನ ಮನೆಯವರ ಜೊತೆ ಮಾತಾಡಿಸಿ ಅಂತ.

ಹದಿನೆಂಟು ತುಂಬಿದ ಮೇಲೂ, ಇಬ್ಬರಿಗೂ ಒಪ್ಪಿಗೆಯಿದ್ದರೆ 21ರವರೆಗೆ ಉಳಿಸಿಕೊಳ್ಳುವ ವ್ಯವಸ್ಥೆ ಇದೆ, ಅದನ್ನು ಮೊದಲೇ ವಿಚಾರಿಸಿಡಿ. ನಮ್ಮವನು ತನ್ನ ಊರಿನವರಿದ್ದಾರೆ ಅಂತ ಬರ್ಮಿಂಗ್‌ಹ್ಯಾಮಿಗೆ ಹೋದ. ಹಬ್ಬಕ್ಕೆ ಫೋನ್ ಮಾಡುತ್ತಾನೆ.

ನಿಮ್ಮ ಯಜಮಾನರ ಜೊತೆ ಕೂತು ಮಾತಾಡಿ. ಕೌನ್ಸಿಲ್‌ನ ಮಾಹಿತಿ ಸಭೆಗೆ ಹೋಗುವುದಾದರೆ ಹೇಳಿ, ನಾನೂ ಬರುತ್ತೇನೆ.